ಹಗ್ಗ, ಜಾತಿ ಮತ್ತು ಹಡಗು

ದಲಿತರ ದುಡಿಮೆಯನ್ನು ನಮ್ಮ ವಿಮರ್ಶೆ ಬಹುಮಟ್ಟಿಗೆ ನೋವಿನ ಭಾಷೆಯಲ್ಲೇ ಓದಿಕೊಂಡು ಬಂದಿದೆ. ಬೆವರು, ಹಸಿವು, ಅವಮಾನ ಯಾವುದೂ ಸುಳ್ಳಲ್ಲ. ಆದರೆ ದುಡಿಯುವ ಕೈಯೊಳಗೆ ಒಂದು ತಿಳಿವಳಿಕೆಯೂ ಇರುತ್ತದೆ, ಅದಕ್ಕೂ ಚರಿತ್ರೆ ಇರುತ್ತದೆ ಎಂಬ ಮಾತು ನಮ್ಮ ಚರ್ಚೆಗೆ ಬಂದದ್ದು ಕಡಿಮೆ. ಇದನ್ನು ಹಗ್ಗವೊಂದನ್ನು ಹಿಡಿದೇ ಹೇಳಬೇಕು. ನಾನು ಔರಾದ ತಾಲೂಕಿನವ. ಹಗ್ಗ ಹೊಸೆಯುವ ಮನೆಯಿಂದ ಹೋಗಿ ಮುಂಬಯಿಯಲ್ಲಿ ಹಡಗು ಕಟ್ಟುವ ಕಡೆ ರಿಗ್ಗರ್ ಆಗಿ, ಅಂದರೆ ಭಾರ ಎತ್ತಿ ಕೂಡಿಸುವವನಾಗಿ, ದುಡಿದವ.

ಔರಾದಕ್ಕೆ ಕಡಲಿಲ್ಲ. ಹೈದರಾಬಾದ್ ರಾಜ್ಯದಲ್ಲಿದ್ದ ಬೀದರ ಜಿಲ್ಲೆ 1956ರಲ್ಲಿ ಒಡೆದು ಉದಗೀರ ಮುಂಬಯಿ ರಾಜ್ಯಕ್ಕೆ ಹೋಯಿತು, ಔರಾದ, ಭಾಲ್ಕಿ ಮೈಸೂರಿಗೆ ಬಂದವು. ಗಡಿ ಬದಲಾದರೂ ಊರಿನ ಕಟ್ಟಳೆ ಬದಲಾಗಲಿಲ್ಲ. ಮಾಂಗ-ಮಾದಿಗರು ಹಗ್ಗ ಕೊಡಬೇಕು, ಸುಗ್ಗಿಯಾಗ ಕಣದ ಅಂಚಿಗೆ ನಿಂತು ಆಯದ ಜೋಳ ತಗೋಬೇಕು. ಪುಂಡಿ ಕಟ್ಟಿಗೆಯನ್ನು ಹಳ್ಳದ ನೀರಿನೊಳಗೆ ಕೊಳೆಹಾಕಿ, ನಾರು ಬಿಚ್ಚಿ, ಒಂದು ದಿಕ್ಕಿಗೆ ಹುರಿ ಮಾಡಿ, ಮೂರು ಹುರಿಗಳನ್ನು ಎದುರು ದಿಕ್ಕಿಗೆ ತಿರುವಿ ಕೂಡಿಸಬೇಕು. ಆ ಎದುರು ತಿರುವಿನಿಂದಲೇ ಹಗ್ಗ ಬಿಚ್ಚಿಕೊಳ್ಳೋದಿಲ್ಲ. ದನದ ಕಣ್ಣಿ, ಎತ್ತಿನ ಮೂಗುದಾರ, ನೀರು ಸೇದುವ ಹಗ್ಗ ಎಲ್ಲ ನಮ್ಮವೇ. ನಾವು ಹೊಸೆದ ಹಗ್ಗ ಬಾವಿಯೊಳಗೆ ಇಳಿಯುತ್ತಿತ್ತು; ನಾವು ಬಾವಿಯ ಕಟ್ಟೆ ಹತ್ತುವಂತಿರಲಿಲ್ಲ.

ನಮ್ಮ ಕಡೆಯವರು ದುಡಿಯಲು ಹೋಗುತ್ತಿದ್ದ ಮುಂಬಯಿಯಲ್ಲಿ ಇದೇ ನ್ಯಾಯ ಬೇರೆ ರೂಪದಲ್ಲಿತ್ತು. ಬಟ್ಟೆ ಗಿರಣಿಗಳ ನೇಯ್ಗೆ ವಿಭಾಗದಲ್ಲಿ ಕೂಲಿ ಹೆಚ್ಚು. ಆದರೆ ಲಾಳಿಯ ಕಣ್ಣಿನೊಳಗಿಂದ ದಾರವನ್ನು ಬಾಯಿಯಿಂದ ಎಳೆಯಬೇಕಾಗಿದ್ದರಿಂದ ಎಂಜಲಿನ ನೆವ ಹೇಳಿ ಅಸ್ಪೃಶ್ಯರನ್ನು ಅಲ್ಲಿಗೆ ಬಿಡುತ್ತಿರಲಿಲ್ಲ. 1928ರ ಗಿರಣಿ ಮುಷ್ಕರದ ಹೊತ್ತಿನಲ್ಲಿ ಅಂಬೇಡ್ಕರ್ ಈ ಪ್ರಶ್ನೆಯನ್ನು ನೇರವಾಗಿ ಎತ್ತಿದರು. 1938ರಲ್ಲಿ ಮನಮಾಡದ ರೈಲ್ವೆ ದಲಿತ ಕಾರ್ಮಿಕರ ಸಭೆಯಲ್ಲಿ ಬ್ರಾಹ್ಮಣಶಾಹಿ, ಬಂಡವಾಳಶಾಹಿ ಎರಡನ್ನೂ ಕಾರ್ಮಿಕರ ವೈರಿಗಳೆಂದು ಕರೆದರು. ಬಂದರು, ರೈಲ್ವೆಯ ಭಾರದ ಕೆಲಸಕ್ಕೆ ನಮ್ಮವರಿಗೆ ಎಡೆ ಸಿಕ್ಕಿತ್ತು. ದಾರಕ್ಕೆ ಬಾಯಿ ತಾಗುತ್ತದೆ, ಹಗ್ಗಕ್ಕೆ ಬರೇ ಕೈ. ಯಂತ್ರ ಬಂದರೆ ಜಾತಿ ಕರಗುತ್ತದೆ ಎಂದು ನಂಬಿದವರು ಈ ಲಾಳಿಯನ್ನು ಒಮ್ಮೆ ನೋಡಬೇಕು.

1972ರ ಬರದ ಮೇಲೆ ನಾನು ಹೋದೆ. ‘ಗೋದಿಯಾಗ ಹಗ್ಗದ ಕೆಲಸ ಅದ, ಬಾ ಅಳಿಯಾ’ ಅಂತ ಸೋದರಮಾವ ಹೇಳಿ ಕಳಿಸಿದ್ದ. ಹಡಗುಕಟ್ಟೆಗೆ ಮರಾಠಿಯಲ್ಲಿ ಗೋದಿ ಅಂತಾರೆ. ಊರಾಗಿನ ಮಂದಿ ನಾ ಗೋಧಿ ಚೀಲ ಹೊರಾಕ ಹೊಂಟೀನಿ ಅಂತ ತಿಳಿದ್ರು. ಅಲ್ಲಿ ಕಲಿತದ್ದು ಬೇರೆಯೇ ಲೆಕ್ಕ. ಎತ್ತುವ ಉಕ್ಕಿನ ತುಂಡಿನ ತೂಕ ಎಲ್ಲಿ ಕೂತಿದೆ ನೋಡಬೇಕು, ಅಲ್ಲಿ ನೋಡಿ ಸ್ಲಿಂಗ್ ಹಾಕಬೇಕು, ಕೈಸನ್ನೆಯಿಂದ ಕ್ರೇನಿನವನನ್ನು ನಡೆಸಬೇಕು. ಎರಡು ಕಾಲಿನ ಸ್ಲಿಂಗಿನಲ್ಲಿ 10 ಟನ್ ಎತ್ತುವಾಗ ಕಾಲುಗಳು ನೆಲಮಟ್ಟಕ್ಕೆ 60 ಡಿಗ್ರಿಯಲ್ಲಿದ್ದರೆ ಒಂದೊಂದರ ಮೇಲೂ ಸುಮಾರು 5.8 ಟನ್ ಜಗ್ಗು ಬೀಳುತ್ತದೆ. 30 ಡಿಗ್ರಿಗೆ ಬಂದರೆ ಒಂದೊಂದರ ಮೇಲೂ 10 ಟನ್. ಹಗ್ಗ ಅಗಲಿದಷ್ಟೂ ಅದರ ಮೇಲಿನ ಭಾರ ಏರುತ್ತದೆ. ಆರು ಎಳೆಯ ತಂತಿಹಗ್ಗ ಬಿಚ್ಚಿ ಅದರ ತುದಿಗೆ ಕಣ್ಣು ಹೆಣೆಯುವಾಗ ನನ್ನ ಬೆರಳಿಗೆ ಎದುರು ತಿರುವಿನ ಪಾಠ ಹೊಸದಾಗಿರಲಿಲ್ಲ. ಆದರೂ ಗುತ್ತೇದಾರನ ಹಾಜರಿ ಪುಸ್ತಕದಲ್ಲಿ ಬೆಸುಗೆಯವನು ‘ಕುಶಲ’, ನಾನು ‘ಕೂಲಿ’.

ಮಝಗಾಂವ್ ಡಾಕಿನಲ್ಲಿ ಕಟ್ಟಿದ ಯುದ್ಧನೌಕೆ ‘ನೀಲಗಿರಿ’ 1968ರಲ್ಲಿ ನೀರಿಗಿಳಿದು 1972ರಲ್ಲಿ ನೌಕಾಪಡೆ ಸೇರಿತು ಎಂದು ಚರಿತ್ರೆ ಹೇಳುತ್ತದೆ. ಅದರ ಉಕ್ಕನ್ನು ಎತ್ತಿ ಕೂಡಿಸಿದವರ ಹೆಸರು ಆ ಚರಿತ್ರೆಗೆ ಬೇಕಾಗಿಲ್ಲ. ಕೇರಳದ ಬೇಪೂರಿನ ಮಾಪ್ಪಿಳ ಖಲಾಸಿಗಳು 1988ರಲ್ಲಿ ಪೆರುಮಣ್ ಸೇತುವೆಯಿಂದ ಅಷ್ಟಮುಡಿ ಸರೋವರಕ್ಕೆ ಬಿದ್ದ ರೈಲು ಡಬ್ಬಿಗಳನ್ನು ಎತ್ತಲು ಇಳಿದಾಗ ನಾಡು ಅವರ ಕಸುಬನ್ನು ವಿದ್ಯೆಯೆಂದು ಒಪ್ಪಿತು. ನಮ್ಮವರಿಗೆ ಅಂಥ ಒಪ್ಪಿಗೆ ಸಿಗಲಿಲ್ಲ.

ಇಲ್ಲೊಂದು ಅಪಾಯವಿದೆ. ಹಗ್ಗದ ತಿಳಿವಳಿಕೆಯನ್ನು ಕೊಂಡಾಡುತ್ತ ಕುಲಕಸುಬಿನ ಗುಣಗಾನಕ್ಕೆ ಇಳಿದರೆ ವರ್ಣಾಶ್ರಮದ ಅಂಗಳಕ್ಕೇ ಹೋಗಿ ಬೀಳುತ್ತೇವೆ. ಜಾತಿ ಕೆಲಸವನ್ನಷ್ಟೇ ಅಲ್ಲ, ಕೆಲಸಗಾರರನ್ನೇ ವಿಂಗಡಿಸುತ್ತದೆ ಎಂದು ಅಂಬೇಡ್ಕರ್ 1936ರಲ್ಲೇ ತೋರಿಸಿಕೊಟ್ಟಿದ್ದಾರೆ. ಹಗ್ಗ ಹೊಸೆಯಲೇಬೇಕೆಂಬ ಕಟ್ಟಳೆ ಊರಿನದು. ಹೊಸೆಯುತ್ತ ಕಂಡುಕೊಂಡ ಲೆಕ್ಕ ನಮ್ಮದು. ಈ ಎರಡನ್ನೂ ಬೇರ್ಪಡಿಸಿ ಓದುವುದು ದಲಿತ ವಿಮರ್ಶೆಯ ಕೆಲಸವೆಂದು ನಾನು ತಿಳಿದಿದ್ದೇನೆ.

ಈಗ ಔರಾದ ಸಂತೆಯೊಳಗೆ ನೈಲಾನ್ ಹಗ್ಗ ಸಿಗುತ್ತದೆ. ಪುಂಡಿ ನಾರು ಬಿಚ್ಚುವ ಮನೆಗಳು ಕಡಿಮೆಯಾಗಿವೆ. ಕಸುಬು ಹೋಯಿತೆಂದು ನನಗೆ ದುಃಖವಿಲ್ಲ. ನಮ್ಮನ್ನೂ ಅದೇ ಹಗ್ಗದಿಂದ ಕಟ್ಟಿದ್ದರು. ಆದರೆ ಆ ಲೆಕ್ಕವನ್ನು ಕಂಡುಕೊಂಡವರು ‘ಕೂಲಿ’ ಎಂಬ ಒಂದೇ ಪದದೊಳಗೆ ಮುಗಿದುಹೋಗಬಾರದು.