ಟೈರಿನ ವೇಗ ಸಂಕೇತ

ಟೈರಿನ ವೇಗ ಸಂಕೇತವು, ಟೈರು ತನಗೆ ನಿಗದಿಯಾದ ಭಾರವನ್ನು ಹೊತ್ತು ಓಡಬಲ್ಲ ಗರಿಷ್ಠ ವೇಗವನ್ನು ಸೂಚಿಸುವ ಅಕ್ಷರವಾಗಿದೆ. ಇದನ್ನು ಟೈರಿನ ಪಕ್ಕದಲ್ಲಿ ಅಳತೆಯ ಜೊತೆಗೆ ಅಚ್ಚೊತ್ತಿರುತ್ತಾರೆ. ‘185/65 ಆರ್ 15 88 ಎಚ್’ ಎಂಬಲ್ಲಿ 88 ಭಾರಸೂಚಿ (560 ಕೆ.ಜಿ.), ಎಚ್ ವೇಗ ಸಂಕೇತ (ಗಂಟೆಗೆ 210 ಕಿ.ಮೀ.). ಕ್ಯೂ 160, ಎಸ್ 180, ಟಿ 190, ವಿ 240 ಕಿ.ಮೀ. ವೇಗವನ್ನು ಸೂಚಿಸುತ್ತವೆ. ಎಚ್ ಮಾತ್ರ ಅಕ್ಷರಕ್ರಮವನ್ನು ತಪ್ಪಿಸಿ ವಿ ಗಿಂತ ಮೊದಲು ನಿಲ್ಲುವುದರಿಂದ ಗೊಂದಲ ಸಹಜ.

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಲ್ಲಿ ಕಬ್ಬು ಸಾಗಿಸುವ ಟ್ರ್ಯಾಕ್ಟರುಗಳ ಟೈರುಗಳಲ್ಲಿ ಕಂಡುಬರುವ ಎ8 ಎಂದರೆ ಕೇವಲ 40 ಕಿ.ಮೀ. ಕಬ್ಬಿನ ಹಂಗಾಮಿನಲ್ಲಿ ಹೆಚ್ಚು ಹೇರಿ ವೇಗವಾಗಿ ಓಡಿಸಿದರೆ ಟೈರು ಕಾದು ಸಿಡಿಯುವ ಅಪಾಯವಿದೆ.

ಜರ್ಮನಿಯಲ್ಲಿ ಚಳಿಗಾಲದ ಟೈರಿನ ವೇಗ ಸಂಕೇತ ಕಾರಿನ ಗರಿಷ್ಠ ವೇಗಕ್ಕಿಂತ ಕಡಿಮೆಯಿರಬಹುದು. ಆದರೆ ಆ ಮಿತಿಯನ್ನು ಚಾಲಕನ ಕಣ್ಣೆದುರು ನಮೂದಿಸಿರಬೇಕು. ಹಿಮವಿಲ್ಲದ ಬೆಳಗಾವಿ ಸೀಮೆಯಲ್ಲಿ ಅಂತಹ ಟೈರಿನ ಅಗತ್ಯವಿಲ್ಲ. ಅಗ್ಗವೆಂದು ಕಡಿಮೆ ಸಂಕೇತದ ಟೈರು ಹಾಕಿಸುವುದೇ ಇಲ್ಲಿನ ಸಮಸ್ಯೆ.

1988ರ ಮೋಟಾರು ವಾಹನ ಕಾಯ್ದೆಯ 146ನೆಯ ಕಲಮಿನಂತೆ ಮೂರನೆಯ ವ್ಯಕ್ತಿಯ ವಿಮೆ ಕಡ್ಡಾಯ. ಸ್ವಂತ ವಾಹನದ ಹಾನಿಗೆ ಪಡೆಯುವ ವಿಮೆಯಲ್ಲಿ ವಾಹನವನ್ನು ಸುಸ್ಥಿತಿಯಲ್ಲಿಡಬೇಕೆಂಬ ಷರತ್ತಿರುತ್ತದೆ. ಅಪಘಾತಕ್ಕೆ ಟೈರೇ ಕಾರಣವೆಂದು ಸರ್ವೇಯರ್ ವರದಿ ಬಂದರೆ ಪರಿಹಾರ ತಕರಾರಿಗೆ ಒಳಗಾಗಬಹುದು. ತಯಾರಕರು ಸೂಚಿಸಿದ ಅಳತೆ ಮತ್ತು ಸಂಕೇತಗಳು ವಾಹನದ ಕೈಪಿಡಿಯಲ್ಲಿರುತ್ತವೆ.