ಸ್ವಾತಂತ್ರ್ಯದ ಪಂಜು ಮತ್ತು ಒಲೆಯ ಹೊಗೆ

1929ರ ಮಾರ್ಚ್ 31, ಈಸ್ಟರ್ ಭಾನುವಾರ. ನ್ಯೂಯಾರ್ಕಿನ ಫಿಫ್ತ್ ಅವೆನ್ಯೂದಲ್ಲಿ ಹಬ್ಬದ ಉಡುಪು ತೊಟ್ಟು ನಡೆಯುತ್ತಿದ್ದ ಜನರ ನಡುವೆ ಕೆಲವು ಯುವತಿಯರು ಸಿಗರೇಟು ಹಚ್ಚಿದರು. ಹೆಣ್ಣು ಬೀದಿಯಲ್ಲಿ ಸೇದುವುದು ಆಗ ಅಲ್ಲಿಯೂ ನಾಚಿಕೆಗೇಡಿನ ಸಂಗತಿಯೇ. ಅದು ಸಿಗರೇಟಲ್ಲ, 'ಸ್ವಾತಂತ್ರ್ಯದ ಪಂಜು' ಎಂಬ ಮಾತು ಪತ್ರಿಕೆಗಳಿಗೆ ಮೊದಲೇ ಮುಟ್ಟಿತ್ತು. ಇದನ್ನೆಲ್ಲ ಹೂಡಿದವನು ಸಿಗ್ಮಂಡ್ ಫ್ರಾಯ್ಡ್‌ನ ಸೋದರಳಿಯ ಎಡ್ವರ್ಡ್ ಬರ್ನೇಸ್. ಹಣ ಅಮೆರಿಕನ್ ಟೊಬ್ಯಾಕೊ ಕಂಪನಿಯದು. ಮತದಾನದ ಹಕ್ಕು ಪಡೆದು ಇನ್ನೂ ಹತ್ತು ವರ್ಷ ತುಂಬದ ಹೆಣ್ಣುಮಕ್ಕಳ ಹೋರಾಟದ ಮಾತನ್ನೇ ಕದ್ದು ಅವರಿಗೇ ಮಾರಿದ ಚಾಣಾಕ್ಷ ವ್ಯಾಪಾರವಿದು.

1968ರಲ್ಲಿ ಹೆಂಗಸರಿಗೆಂದೇ ತೆಳ್ಳನೆಯ ವರ್ಜೀನಿಯಾ ಸ್ಲಿಮ್ಸ್ ಬಂತು. ಶ್ವಾಸಕೋಶದ ಕ್ಯಾನ್ಸರಿಗೂ ಸಿಗರೇಟಿಗೂ ಇರುವ ನಂಟನ್ನು ಅಮೆರಿಕದ ಸರಕಾರಿ ವರದಿ ಸಾರಿ ಆಗಲೇ ನಾಲ್ಕು ವರ್ಷವಾಗಿತ್ತು. 1987ರ ಹೊತ್ತಿಗೆ ಆ ದೇಶದಲ್ಲಿ ಸ್ತನ ಕ್ಯಾನ್ಸರಿಗಿಂತ ಶ್ವಾಸಕೋಶದ ಕ್ಯಾನ್ಸರಿನಿಂದಲೇ ಹೆಚ್ಚು ಹೆಂಗಸರು ಸಾಯತೊಡಗಿದರು.

ವೈದ್ಯರ ಕೈಯಲ್ಲಿ ಆಗ ಎದೆಯ ಎಕ್ಸ್‌-ರೇ ಬಿಟ್ಟರೆ ಹೆಚ್ಚೇನಿರಲಿಲ್ಲ. ಕಡಿಮೆ ವಿಕಿರಣದ ಸಿ.ಟಿ. ಸ್ಕ್ಯಾನ್ ಎಕ್ಸ್‌-ರೇಗಿಂತ ಶೇ. 20ರಷ್ಟು ಸಾವು ತಗ್ಗಿಸುತ್ತದೆಂದು ಖಚಿತವಾದದ್ದು 2011ರಲ್ಲಿ, 53 ಸಾವಿರಕ್ಕೂ ಹೆಚ್ಚು ಜನರ ಮೇಲಿನ ಅಧ್ಯಯನದಿಂದ. 2020ರಲ್ಲಿ ಪ್ರಕಟವಾದ ಯುರೋಪಿನ ನೆಲ್ಸನ್ ಅಧ್ಯಯನದಲ್ಲಿ ಹತ್ತು ವರ್ಷಗಳ ಇಳಿಕೆ ಗಂಡಸರಲ್ಲಿ ಶೇ. 24, ಹೆಂಗಸರಲ್ಲಿ ಶೇ. 33.

ಆದರೆ ಹೆಂಗಸರು ಸ್ಕ್ಯಾನಿಗೆ ಬರಬೇಕಲ್ಲ! ಸ್ತನ ಕ್ಯಾನ್ಸರ್ ಎಂದರೆ ಮರುಗುವ ಜನ ಶ್ವಾಸಕೋಶದ್ದು ಎಂದೊಡನೆ "ಸೇದುತ್ತಿದ್ದಳೇ?" ಎಂದು ಕೇಳುತ್ತಾರೆ. ಆ ನಾಚಿಕೆಯನ್ನು ಕಳೆಯಲೆಂದು 2014ರಲ್ಲಿ ಅಮೆರಿಕನ್ ಲಂಗ್ ಅಸೋಸಿಯೇಷನ್ 'ಲಂಗ್ ಫೋರ್ಸ್' ಎಂಬ ಮಹಿಳಾ ಅಭಿಯಾನ ಆರಂಭಿಸಿತು. ಸ್ತನ ಕ್ಯಾನ್ಸರಿಗೆ ಗುಲಾಬಿ ಇದ್ದಂತೆ ಇದಕ್ಕೆ ವೈಡೂರ್ಯದ ಹಸಿರು-ನೀಲಿ. 2017ರಲ್ಲಿ ಅದೇ ಸಂಸ್ಥೆ ಜಾಹೀರಾತು ಮಂಡಳಿಯ ಜೊತೆಗೂಡಿ ಸಿಗರೇಟು ಬಿಟ್ಟವರನ್ನು ಮಾತನಾಡಿಸಿತು: ಬಿಟ್ಟಿರಿ, ಸರಿ, ಈಗ ಸ್ಕ್ಯಾನ್ ಮಾಡಿಸಿದಿರಾ? ಬೈಗುಳವಿಲ್ಲದ ಈ ಪ್ರಶ್ನೆ ನಮಗೆ ಹಿಡಿಸುತ್ತದೆ. ಬರ್ನೇಸ್‌ನ ವಿದ್ಯೆ ಕೊನೆಗೂ ಒಳ್ಳೆಯವರ ಕೈ ಸೇರಿತೆನ್ನಬೇಕು.

ಸಿಗರೇಟನ್ನೇ ಮುಟ್ಟದವಳ ಗತಿಯೇನು? ಜಪಾನಿನಲ್ಲಿ ಹಿರಯಾಮ 91,540 ಧೂಮಪಾನ ಮಾಡದ ಪತ್ನಿಯರನ್ನು ವರ್ಷಗಟ್ಟಲೆ ಗಮನಿಸಿ, ಗಂಡನ ಸಿಗರೇಟು ಹೆಂಡತಿಯ ಶ್ವಾಸಕೋಶವನ್ನೂ ಸುಡುತ್ತದೆಂದು 1981ರಲ್ಲಿ ತೋರಿಸಿದರು. ಚೀನಾದ ಶ್ವಾನ್‌ವೇ ಪ್ರದೇಶದಲ್ಲಿ ಹೊಗೆಕಾರುವ ಕಲ್ಲಿದ್ದಲಿನ ಒಲೆಯ ಮುಂದೆ ಕೂತ ಹೆಂಗಸರಲ್ಲಿ ಈ ರೋಗ ವಿಪರೀತ. ಹೊಗೆಕೊಳವೆಯಿರುವ ಒಲೆಗೆ ಬದಲಾದ ಮನೆಗಳಲ್ಲಿ ಹೆಂಗಸರ ಅಪಾಯ ಶೇ. 46ರಷ್ಟು ಇಳಿದದ್ದು 2002ರಲ್ಲಿ ವರದಿಯಾಯಿತು. ತೈವಾನ್ 2022ರಲ್ಲಿ ಧೂಮಪಾನಿಗಳಲ್ಲದೆ, ಕುಟುಂಬದಲ್ಲಿ ಈ ರೋಗ ಕಂಡವರಿಗೂ ಸರಕಾರಿ ಸ್ಕ್ಯಾನ್ ತೆರೆಯಿತು. ಆಗ ಅದು ಅಂಥ ಹೆಂಗಸರಿಗೆ 45ರಿಂದ, ಗಂಡಸರಿಗೆ 50ರಿಂದ ಇತ್ತು.

ಊದುಗೊಳವೆ ಹಿಡಿದು ಕಣ್ಣು ಕೆಂಪಾಗಿಸಿಕೊಂಡ ಅಜ್ಜಿಯರನ್ನು ನಾವೆಲ್ಲ ಕಂಡವರೇ. ನಮ್ಮ ದೇಶದ 2016ರ ತಪಾಸಣಾ ಮಾರ್ಗಸೂಚಿಯಲ್ಲಿ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರುಗಳಿವೆ, ಶ್ವಾಸಕೋಶವಿಲ್ಲ. ಕ್ಷಯ ಬಿಟ್ಟುಹೋದ ಕಲೆಗಳು ಸ್ಕ್ಯಾನಿನಲ್ಲಿ ಗಂಟಿನಂತೆ ಕಂಡು ಗೊಂದಲವೆಬ್ಬಿಸುವ ತೊಡಕೂ ಉಂಟು. ಆದರೆ ಮನೆಮನೆಗೆ ಬರುವ ಆಶಾ ಕಾರ್ಯಕರ್ತೆ ತುಂಬಿಕೊಳ್ಳುವ ನಮೂನೆಯಲ್ಲಿ, ಅಡುಗೆಗೆ ಯಾವ ಇಂಧನ ಬಳಸುತ್ತೀರಿ ಎಂಬ ಪ್ರಶ್ನೆಯಿದೆ. ಸೌದೆ, ಬೆರಣಿ, ಕಲ್ಲಿದ್ದಲು, ಸೀಮೆಎಣ್ಣೆ, ಗ್ಯಾಸ್.