ಕೊಸರಿನ ಲೆಕ್ಕ

ಅಗ್ಗಕ್ಕೆ ಕೊಳ್ಳುವ ಸುಖವನ್ನು ಕೀಳೆಂದು ಕಾಣುವವರುಂಟು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಸಂತೆ ಸುತ್ತಿದ ನನಗೆ ಆ ಮಾತು ಒಪ್ಪಿಗೆಯಿಲ್ಲ. ಈ ಸುಖಕ್ಕೊಂದು ಚರಿತ್ರೆಯಿದೆ. ಬಿ.ಎಲ್. ರೈಸ್ 1902ರಲ್ಲಿ ಪ್ರಕಟಿಸಿದ ಹಾಸನ ಜಿಲ್ಲೆಯ ಶಾಸನಗಳಲ್ಲಿ ಸುಂಕ, ಕೊಳಗ, ಪಟ್ಟಣಸ್ವಾಮಿಗಳ ಮಾತು ಹೊಯ್ಸಳರ ಕಾಲದಿಂದಲೇ ಬರುತ್ತದೆ.

ಹಿಂದೆ ಕಾಳುಕಡಿಗೆ ಸೇರು, ಪಾವುಗಳ ಅಳತೆ. ಪಾವಿನ ಮೇಲೆ ಗೋಪುರವಾಗಿ ನಿಂತಷ್ಟೂ ಕೊಂಡವರದು; ಅದರ ಮೇಲೊಂದು ಹಿಡಿ ಕೊಸರು. 1957ರ ಏಪ್ರಿಲ್ 1ರಂದು ನಯೇಪೈಸೆ ಬಂದಿತು. 16 ಆಣೆಯ ರೂಪಾಯಿ 100 ಪೈಸೆಯಾಯಿತು. ಆಣೆಗೆ ಆರೂಕಾಲು ಪೈಸೆ. ಕಾಲು ಪೈಸೆಗೆ ನಾಣ್ಯವಿಲ್ಲ. ಅದು ಯಾರ ಪಾಲೆಂಬುದೇ ಹೊಸ ಚೌಕಾಸಿ! 1958ರಿಂದ ಹಂತಹಂತವಾಗಿ ಕಿಲೋಗ್ರಾಂ ಬಂದಿತು. ತಕ್ಕಡಿಯ ಮುಳ್ಳಿಗೆ ಗೋಪುರ ತಿಳಿಯದು. ಆದರೂ ಕೊಸರು ಸಾಯಲಿಲ್ಲ. ಎರಡು ಹಸಿಮೆಣಸಿನಕಾಯಿಯಾಗಿ, ಒಂದು ಕಡ್ಡಿ ಕರಿಬೇವಾಗಿ ಇಂದಿಗೂ ಚೀಲಕ್ಕೆ ಬೀಳುತ್ತದೆ.

ಇಳಿಸಿದ ಬೆಲೆ ಒಬ್ಬರ ಗೆಲುವು. ಕೊಸರು ಇಬ್ಬರದೂ: ಕೊಂಡವರಿಗೆ ಒಗ್ಗರಣೆ, ಕೊಟ್ಟವಳಿಗೆ ಮುಂದಿನ ವಾರದ ಗಿರಾಕಿ. ಆದರೆ ಹೊತ್ತು ಮುಳುಗಿ, ಊರಿನ ಕೊನೆಯ ಬಸ್ಸಿಗೆ ಕಾತರಿಸುವ ಸೊಪ್ಪಿನವಳನ್ನು ಹಿಂಡುವುದಕ್ಕೆ ಜಾಣತನವೆಂಬ ಹೆಸರು ಸಲ್ಲದು. ಮಿತವ್ಯಯಕ್ಕೂ ಒಂದು ಎಲ್ಲೆಕಲ್ಲು ಬೇಕು. ಅದು ಎದುರಿಗೆ ಕುಳಿತವಳ ಹೊಟ್ಟೆ.